ತಾಯಿಗಡಿಯಾರ ಜಾರಿದ ರವಿವಾರ

ಜಗತ್ತಿಗೆಲ್ಲ ಒಂದೇ ಗಡಿಯಾರ ಇದ್ದು, ಅದು ಯಾವತ್ತೂ ತಪ್ಪುವುದಿಲ್ಲ ಎನ್ನುವುದಾದರೆ ರೈಲಿಗೆ ಸಿಗ್ನಲ್ ಕಂಬ ಬೇಕಾಗುವುದಿಲ್ಲ. ಹುಬ್ಬಳ್ಳಿಯ ಹೊರಗೆ ಜಡೆ ಯಾರ್ಡ್ ಕಟ್ಟಿದ್ದು ಈ ಒಂದು ನಂಬಿಕೆಯ ಮೇಲೆ. ಡ್ರೈವರ್ ಇಲ್ಲದ ಸಾಮಾನು ಗಾಡಿಗಳು ಮೂರು ದಿಕ್ಕಿನಿಂದ ಓಡಿ ಬಂದು, ಒಂದೂ ನಿಲ್ಲದೆ, ಒಂದರ ಹಿಂದಿನ ಸಂದಿನಲ್ಲಿ ಇನ್ನೊಂದು ತೂರಿಕೊಂಡು, ಹೆಂಗಸರು ಮೂರು ಎಳೆ ಹಿಡಿದು ಜಡೆ ಹೆಣೆದ ಹಾಗೆ ದಾಟಿ ಹೋಗುತ್ತಿದ್ದವು. ಒಂದು ಗಾಡಿಯ ಬಾಲಕ್ಕೂ ಇನ್ನೊಂದರ ಮೂತಿಗೂ ನಡುವೆ ಅರ್ಧ ಸೆಕೆಂಡಿನ ಸಂದು. ಮೊದಮೊದಲು ನೋಡಿದವರು ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹತ್ತು ವರ್ಷ ಕಳೆದ ಮೇಲೆ ಜನ ನೋಡುವುದನ್ನೇ ಬಿಟ್ಟರು.

ನೋಡುವುದಕ್ಕೆಂದೇ ನೇಮಕವಾಗಿದ್ದವಳು ಕಸ್ತೂರಿ. ಯಾರ್ಡಿನ ಗೋಪುರದಲ್ಲಿ ಕೂತು, ಅಪಾಯ ಕಂಡರೆ ಕೆಂಪು ಹಿಡಿ ಎಳೆದು ಗಾಡಿ ನಿಲ್ಲಿಸುವುದು ಅವಳ ಕೆಲಸ. ಏಳು ವರ್ಷದಲ್ಲಿ ಒಮ್ಮೆಯೂ ಎಳೆದಿರಲಿಲ್ಲ. ಒಂದು ರವಿವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಎಳೆದಳು. ಕಾರವಾರದ ಗಾಡಿ ಗಕ್ಕನೆ ನಿಂತಿತು. ನಿಂತ ರಭಸಕ್ಕೆ ಹಿಂದಿನ ಒಂಬತ್ತು ಡಬ್ಬಿಗಳು ಹಳಿ ಬಿಟ್ಟು ಮಗುಚಿದವು. ಆರು ಜಿಲ್ಲೆಯ ಆಸ್ಪತ್ರೆಗಳಿಗೆ ಹೊರಟಿದ್ದ ಸಲೈನ್ ಬಾಟಲಿಗಳು ನೆಲದ ಪಾಲಾದವು. ಬಳ್ಳಾರಿಯ ಗಾಡಿ ಮಾತ್ರ ಏನೂ ಆಗದಂತೆ ಮುಂದೆ ಸಾಗಿ ಹೋಯಿತು.

ಎರಡೂ ಗಾಡಿ ಒಂದಕ್ಕೊಂದು ಬಡಿಯುವುದರಲ್ಲಿದ್ದವು, ನಾನು ಕಣ್ಣಾರೆ ಕಂಡೆ ಎಂದು ಕಸ್ತೂರಿ ಹೇಳಿದಳು. ಗಡಿಯಾರದ ದಾಖಲೆ ಹಾಗೆ ಹೇಳಲಿಲ್ಲ. ಗಾಡಿಗಳೆರಡೂ ತಮ್ಮ ತಮ್ಮ ವೇಳೆಗೆ ಸರಿಯಾಗಿಯೇ ಓಡುತ್ತಿದ್ದವು, ನಡುವೆ ಅರ್ಧ ಸೆಕೆಂಡು ಇದ್ದೇ ಇತ್ತು, ಹೆಣ್ಣುಮಗಳು ಸುಮ್ಮನೆ ಗಾಬರಿಯಾಗಿದ್ದಾಳೆ ಎಂದು ದಾಖಲೆ ಹೇಳಿತು. ಅವಳನ್ನು ಮನೆಗೆ ಕಳಿಸಿದರು. ಬರುವ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರ ವಿಚಾರಣೆ. ಅಲ್ಲಿ ತಪ್ಪಿತಸ್ಥೆ ಎಂದಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಇನ್ನು ಮೇಲೆ ಯಾವ ಯಂತ್ರದ ಹತ್ತಿರವೂ ಅವಳನ್ನು ನಿಲ್ಲಿಸಿಕೊಳ್ಳುವವರಿಲ್ಲ.

ಕಸ್ತೂರಿಯ ಅಕ್ಕ ನೀಲಗಂಗಾ ಬಾಳಿಕಾಯಿ ಧಾರವಾಡದ ಕಾಲಕೇಂದ್ರದ ಮುಖ್ಯಸ್ಥೆ. ಐವತ್ತನಾಲ್ಕು ವರ್ಷ, ಗಂಡ ತೀರಿಕೊಂಡು ಆರು ವರ್ಷ. ಗಡಿಯಾರದ ಕೋಣೆಯನ್ನು ತಂಪಾಗಿಡುವ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವಳು ನೋಡಿ, ಕೇಳಿ, ಕಲಿತು ಮೇಲೆ ಬಂದಿದ್ದಳು. ಪರಮಾಣುವಿನ ಒಳಗೆ ಏನು ನಡೆಯುತ್ತದೆ ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಗಡಿಯಾರ ಮುನಿಸಿಕೊಂಡಿದೆಯೋ ಇಲ್ಲವೋ ಎನ್ನುವುದನ್ನು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು.

ಆ ಕೇಂದ್ರಕ್ಕೆ ವೇಳೆ ಬರುತ್ತಿದ್ದುದು ಉತ್ತರ ಒಕ್ಕೂಟದಿಂದ. ಒಕ್ಕೂಟವೆಂದರೆ ಮೊದಲು ಮೀನು ಹಿಡಿದು, ಮರ ಕಡಿದು ಬದುಕುತ್ತಿದ್ದ ಐದಾರು ಚಳಿ ದೇಶಗಳು. ಅರವತ್ತು ವರ್ಷಗಳ ಹಿಂದೆ ಅವರು ಕೋಟಿ ವರ್ಷಕ್ಕೂ ಒಂದು ಸೆಕೆಂಡು ತಪ್ಪದ ಗಡಿಯಾರ ಮಾಡಿದರು. ಅಂಥ ಹನ್ನೆರಡು ಗಡಿಯಾರಗಳನ್ನು ಒಂದು ದೊಡ್ಡ ಸಭಾಂಗಣದಲ್ಲಿಟ್ಟು, ಹನ್ನೆರಡೂ ಕೂಡಿ ಹೇಳಿದ ವೇಳೆಯನ್ನು ಉಪಗ್ರಹದ ಮೂಲಕ ಎಲ್ಲರಿಗೂ ಪುಕ್ಕಟೆ ಹಂಚಿದರು. ಅದಕ್ಕೆ ತಾಯಿಗಡಿಯಾರ ಎಂದು ಹೆಸರಾಯಿತು. ಹಡಗು, ವಿದ್ಯುತ್ತು, ರೈಲು, ಆಸ್ಪತ್ರೆಯ ಯಂತ್ರ, ಒಂದೊಂದೇ ಅದಕ್ಕೆ ಕಟ್ಟಿಕೊಂಡವು. ಎಲ್ಲವೂ ಕಟ್ಟಿಕೊಂಡ ಮೇಲೆ, ಮಾತು ಕೇಳದ ಒಂದು ದೇಶಕ್ಕೆ ಒಕ್ಕೂಟ ಎರಡು ತಾಸು ವೇಳೆ ನಿಲ್ಲಿಸಿತು. ಆ ದೇಶದ ಬಂದರುಗಳು ಸರಿಹೋಗಲು ಎರಡು ವಾರ ಹಿಡಿಯಿತು. ಆಮೇಲೆ ಒಕ್ಕೂಟದ ಮಾತನ್ನು ಯಾರೂ ಮೀರಲಿಲ್ಲ. ಅವರು ಬರೀ ಹೆದರಿಸಿದರು ಎಂದರೂ ತಪ್ಪಾಗುತ್ತದೆ. ಊರೂರಿಗೆ ಕೇಂದ್ರ ಕಟ್ಟಿಸಿದರು, ನೀಲಗಂಗಾಳಂಥವರಿಗೆ ಕೂಡಿಸಿಕೊಂಡು ಕಲಿಸಿದರು.

ಈಗಲೂ ಒಕ್ಕೂಟ ದೊಡ್ಡದೇ. ಆದರೆ ಅವರ ಗಡಿಯಾರದಷ್ಟೇ ಒಳ್ಳೆಯದನ್ನು ಈಗ ಹತ್ತು ದೇಶಗಳು ಮಾಡುತ್ತಿದ್ದವು. ಧಾರವಾಡದ ಕೇಂದ್ರದಲ್ಲಿದ್ದದ್ದೇ ನಮ್ಮಲ್ಲಿ ಮಾಡಿದ್ದು. ಒಪ್ಪಂದದ ಪ್ರಕಾರ ಅದು ತಾಯಿಗಡಿಯಾರದ ಹಿಂದೆ ನಡೆಯಬೇಕು, ಅಷ್ಟೆ.

ಹಿಂದೆ ನಡೆಸುವ ಕ್ರಮ ಹೀಗಿತ್ತು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ, ನಮ್ಮ ಗಡಿಯಾರಕ್ಕೂ ತಾಯಿಗಡಿಯಾರಕ್ಕೂ ಎಷ್ಟು ವ್ಯತ್ಯಾಸ ಎನ್ನುವುದು ಪರದೆಯ ಮೇಲೆ ಬರುತ್ತಿತ್ತು. ಅದನ್ನು ದಫ್ತರದಲ್ಲಿ ಬರೆದು, ಆಮೇಲೆ ಗುಂಡಿ ಒತ್ತಿ ನಮ್ಮದನ್ನು ಸರಿಪಡಿಸಬೇಕು. ಇದು ನಿಯಮ. ನಡೆಯುತ್ತಿದ್ದುದು ಬೇರೆ. ಸೊನ್ನೆ ಬಿಟ್ಟು ಬೇರೆ ಏನು ಬರೆದರೂ ಒಕ್ಕೂಟದಿಂದ ನಲವತ್ತು ಪ್ರಶ್ನೆಗಳ ಪತ್ರ ಬರುತ್ತಿತ್ತು. ನಿಮ್ಮ ಕೋಣೆಯ ಬಾಗಿಲು ತೆರೆದಿತ್ತೆ, ನಿಮ್ಮ ನೌಕರರು ನಿದ್ದೆಯಲ್ಲಿದ್ದರೆ, ಹೀಗೆ. ತಾಯಿಗಡಿಯಾರದ ಬಗ್ಗೆ ನಲವತ್ತರಲ್ಲಿ ಒಂದೂ ಪ್ರಶ್ನೆ ಇರುತ್ತಿರಲಿಲ್ಲ. ಅದಕ್ಕೇ ನೀಲಗಂಗಾಳಿಗೆ ಕೆಲಸ ಕಲಿಸಿದ ಹೊಳೆಬಸಪ್ಪ ಮಾಸ್ತರರು ಮೊದಲ ದಿನವೇ ಹೇಳಿಕೊಟ್ಟಿದ್ದರು: ಮೊದಲು ಒತ್ತು, ಆಮೇಲೆ ಬರಿ. ಒತ್ತಿದ ಮೇಲೆ ಪರದೆಯ ಮೇಲೆ ಇರುವುದು ಸೊನ್ನೆಯೇ. ಹನ್ನೊಂದು ವರ್ಷ ಅವಳು ಸೊನ್ನೆ ಬರೆದಿದ್ದಳು. ಒಂದೂ ಸುಳ್ಳಲ್ಲ, ಒಂದೂ ನಿಜವಲ್ಲ.

ಗಾಡಿ ಮಗುಚಿದ ಮರುದಿನ ಅವಳು ಆ ದಫ್ತರ ತೆರೆದು ಕೂತಳು. ರವಿವಾರ ಸಂಜೆ ನಾಲ್ಕರ ಸೊನ್ನೆ ಅವಳದೇ ಕೈಬರಹ. ಒತ್ತುವ ಮುಂಚೆ ಪರದೆಯ ಮೇಲೆ ಏನಿತ್ತು? ನೆನಪು ಮಾಡಿಕೊಳ್ಳಲು ನೋಡಿದಳು. ನೋಡಿದ್ದರೆ ತಾನೆ ನೆನಪಾಗುವುದು.

ಗಾಡಿಗಳು ಕೇಂದ್ರದ ಸರಹದ್ದಿಗೆ ಬಂದಾಗ ಒಂದು ಸಲ ಅಲ್ಲಿಂದ ವೇಳೆ ಇಸಿದುಕೊಂಡು, ಅದನ್ನೇ ಹಿಡಿದು ಓಡುತ್ತಿದ್ದವು. ಕಾರವಾರದ ಗಾಡಿ ಇಸಿದುಕೊಂಡದ್ದು ಮೂರೂವರೆಗೆ. ಬಳ್ಳಾರಿಯದು ನಾಲ್ಕು ಹತ್ತಕ್ಕೆ. ನಡುವೆ ನಾಲ್ಕು ಗಂಟೆಗೆ ತಾನು ಗುಂಡಿ ಒತ್ತಿದ್ದಳು. ಆ ಹೊತ್ತಿನಲ್ಲಿ ತಾಯಿಗಡಿಯಾರವೇ ಅರ್ಧ ಸೆಕೆಂಡು ಹಿಂದೆ ಬಿದ್ದಿದ್ದರೆ? ಒಂದು ಗಾಡಿಗೆ ಒಳ್ಳೆಯ ವೇಳೆ, ಇನ್ನೊಂದಕ್ಕೆ ಕೆಟ್ಟ ವೇಳೆ. ನಡುವಿನ ಸಂದು ಮಾಯ. ಮರುದಿನದೊಳಗೆ ತಾಯಿಗಡಿಯಾರ ಸುಧಾರಿಸಿಕೊಂಡಿದ್ದರೆ, ಹತ್ತಕ್ಕೆ ಮತ್ತೆ ಗುಂಡಿ, ಮತ್ತೆ ಸೊನ್ನೆ. ಗುರುತೂ ಉಳಿಯುವುದಿಲ್ಲ. ತಂಗಿಯ ಕಣ್ಣು ಕಂಡದ್ದನ್ನು ತನ್ನ ಕೈ ಅಳಿಸಿದೆ ಎನ್ನಿಸಿ, ಅವಳು ಮಧ್ಯಾಹ್ನದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ತಂದಳು.

ನಿಜ ತಿಳಿಯಲು ಇದ್ದದ್ದು ಒಂದೇ ದಾರಿ. ಮುಂದಿನ ರವಿವಾರ ಗುಂಡಿ ಒತ್ತಬಾರದು. ನಮ್ಮ ಗಡಿಯಾರವನ್ನು ಅದರ ಪಾಡಿಗೆ ಬಿಟ್ಟು, ವ್ಯತ್ಯಾಸ ನೋಡಬೇಕು. ಆದರೆ ಒಂದು ಹೊತ್ತು ಒತ್ತದೆ ಬಿಟ್ಟರೂ ಯಂತ್ರ ತಾನೇ ಬೀಗ ಹಾಕಿಕೊಂಡು ಕೇಂದ್ರವನ್ನು ಒಕ್ಕೂಟದ ವಶಕ್ಕೆ ಕೊಡುತ್ತಿತ್ತು. ಅದನ್ನು ತಡೆಯುವ ಕೀಲಿ ಒಕ್ಕೂಟದ ಅಧಿಕಾರಿಯ ಹತ್ತಿರ ಮಾತ್ರ.

ಆ ಅಧಿಕಾರಿ ಆರ್ನೆ ವಿಕ್. ಊರ ಬಾಯಲ್ಲಿ ಅರ್ಣಪ್ಪ ಸಾಹೇಬರು. ಹನ್ನೆರಡು ವರ್ಷದ ಹಿಂದೆ ಅವರು ಬಂದಾಗ ಮಂತ್ರಿಗಳು ಹಾರ ಹಿಡಿದು ನಿಂತಿದ್ದರು. ಈಗ ಅವರ ಗಾಡಿ ಕೆಟ್ಟರೆ ಬಸ್ಸಿನಲ್ಲಿ ಬರುತ್ತಿದ್ದರು. ಕಚೇರಿಯಲ್ಲಿ ಎದ್ದು ನಿಲ್ಲುವವರು ಕಡಿಮೆಯಾಗಿದ್ದರು. ಅದರಿಂದ ಅವರಿಗೆ ಬೇಜಾರಾದ ಹಾಗೇನೂ ಕಾಣುತ್ತಿರಲಿಲ್ಲ. ಮಂಗಳವಾರ ನೀಲಗಂಗಾ ಎಲ್ಲವನ್ನೂ, ತನ್ನ ಸೊನ್ನೆಗಳನ್ನೂ ಸೇರಿಸಿ, ಹೇಳಿದಳು. ಅವರು ಕೇಳಿದರು, ಬಹಳ ಹೊತ್ತು ಕನ್ನಡಕ ಒರೆಸಿದರು, ಒಪ್ಪಂದದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದರು. ತಾಯಿಗಡಿಯಾರವನ್ನು ಪರೀಕ್ಷೆ ಮಾಡಿದ ಎಂದು ಗೊತ್ತಾದರೆ ತನ್ನ ಊರಿನಲ್ಲಿ ತನ್ನನ್ನು ಮಾತಾಡಿಸುವವರಿರುವುದಿಲ್ಲ ಎಂದೂ ಹೇಳಿದರು. ಅವಳು ಒತ್ತಾಯಿಸಲಿಲ್ಲ. ಗುರುವಾರ ಎಂದಿನಂತೆ ಊಟಕ್ಕೆ ಬರಬೇಕು ಎಂದಷ್ಟೇ ಹೇಳಿ ಎದ್ದಳು.

ಗುರುವಾರ ಅವರಿಗೆ ರಜೆ; ಪ್ರತಿ ಗುರುವಾರ ಮಧ್ಯಾಹ್ನ ನೀಲಗಂಗಾಳ ಮನೆಯಲ್ಲೇ ಊಟ. ಈ ಸಲ ಬರಲಾರರು ಎಂದುಕೊಂಡಿದ್ದಳು. ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಗೋಡೆಗೆ ಒರಗಿ ಕೂತರು. ಕಸ್ತೂರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕು ದಿನದಿಂದ ಯಾರೊಡನೆಯೂ ಸರಿಯಾಗಿ ಮಾತಾಡದವಳು, ಬಿಸಿ ರೊಟ್ಟಿಯನ್ನು ಅವರ ತಾಟಿಗೆ ಹಾಕುತ್ತ ಬಾಯಿ ಬಿಟ್ಟಳು.

“ಎಣಗಾಯಿ ಹಾಕ್ಲ್ಯಾ ಸಾಹೇಬ್ರ, ಇಲ್ಲಾ ಗಡಿಯಾರ ನೋಡಿ ಹಾಕ್ಬೇಕ?”

“ಕಸ್ತೂರಿ,” ಎಂದಳು ಅಕ್ಕ.

“ಅನ್ಲಿ ಬಿಡ್ರಿ ನೀಲಕ್ಕಾರ,” ಎಂದರು ಆರ್ನೆ.

“ನಾ ಏನ್ ಬೈಯಾಕತ್ತಿಲ್ಲ,” ಎಂದಳು ಕಸ್ತೂರಿ. “ಏಳ ವರ್ಷ ಆ ಗಾಡಿ ನೋಡೀನ್ರಿ. ಸಂದಿನ್ಯಾಗಿಂದ ಆಚೆ ಕಡೆ ಬೇವಿನ ಗಿಡ ಕಾಣತಿತ್ತು ದಿನಾ. ಅವತ್ತ ಗಿಡ ಕಾಣಲಿಲ್ಲ. ಅಷ್ಟ ಹೇಳಿದ್ನಿ. ನಿನ್ನ ಗಿಡಕ್ಕ ಏನ್ ಸರ್ಟಿಫಿಕೇಟ್ ಐತಿ ಅಂತ ಕೇಳಿದ್ರು.”

ಆರ್ನೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಎಷ್ಟು ದಿನದಿಂದ ಗಿಡ ಸರಿಯಾಗಿ ಕಾಣುತ್ತಿರಲಿಲ್ಲ ಎಂದು ಕೇಳಿದರು. ಕಸ್ತೂರಿ ಕೈಯ ಹಿಟ್ಟು ಜಾಡಿಸಿ ಯೋಚಿಸಿದಳು. ಮೂರ್ನಾಲ್ಕು ತಿಂಗಳಿಂದ ಕೆಲವು ರವಿವಾರ ಗಿಡ ಸಪೂರ ಕಾಣುತ್ತಿತ್ತು, ಟೊಂಗೆ ಒಣಗಿತೇನೋ ಅಂದುಕೊಂಡಿದ್ದೆ ಎಂದಳು. ಬೇರೆ ದಿನ ನೆಟ್ಟಗೇ ಕಾಣುತ್ತಿತ್ತು.

ರವಿವಾರ ಎಂದದ್ದಕ್ಕೆ ಆರ್ನೆಯ ಮುಖ ಇಳಿಯಿತು. ಊಟ ಮುಗಿಸಿ, ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ತಮ್ಮ ತಂದೆಯ ಮಾತು ತೆಗೆದರು. ತಂದೆ ಆ ಸಭಾಂಗಣದಲ್ಲಿ ಕೆಲಸಕ್ಕಿದ್ದರಂತೆ. ಹಗಲಿರುಳು ಎಂಬತ್ತು ಜನ, ಹನ್ನೆರಡು ಗಡಿಯಾರ. ಒಂದು ತಪ್ಪಿದರೆ ಹನ್ನೊಂದು ಅದನ್ನು ಹಿಡಿಯುತ್ತಿದ್ದವು. ಹುಡುಗನಾಗಿದ್ದಾಗ ತಾನು ಅಲ್ಲಿ ಹೋಗಿ ನಿಂತರೆ ಗುಡಿಯೊಳಗೆ ನಿಂತ ಹಾಗಾಗುತ್ತಿತ್ತು. ಈಗ ಆ ಕೆಲಸಕ್ಕೆ ಬರಲು ಅಲ್ಲಿನ ಮಕ್ಕಳಿಗೆ ಮನಸ್ಸಿಲ್ಲ. ಎಂಟು ಗಡಿಯಾರ ನಿಂತುಹೋಗಿವೆ. ಉಳಿದ ನಾಲ್ಕಕ್ಕೆ ವಾರಕ್ಕೊಮ್ಮೆ ಸರದಿಯ ಮೇಲೆ ವಿಶ್ರಾಂತಿ ಕೊಡುತ್ತಾರೆ. ಅದು ರವಿವಾರ; ಅಂದು ಒಂದು ತಪ್ಪಿದರೆ ಹಿಡಿಯಲು ಉಳಿದವು ಸಾಲುವುದಿಲ್ಲ.

“ಇದನ್ನ ಯಾರಿಗೂ ಹೇಳಬಾರದು ಅಂತ ಅದ,” ಎಂದರು. “ಹೇಳೀನಿ.”

“ಮನ್ಯಾಗ ಉಂಡ್ಕೋತ ಆಡಿದ ಮಾತು ಸಾಹೇಬ್ರ, ಹೊರಗ ಹೋಗೂದಿಲ್ಲ,” ಎಂದಳು ನೀಲಗಂಗಾ. ಹಾಗೆ ಹೇಳುವಾಗ ತನ್ನ ತಂಗಿಗೆ ಬೇಕಾದ ಸಾಕ್ಷಿಯನ್ನು ತಾನೇ ಮತ್ತೊಮ್ಮೆ ಮುಚ್ಚಿಡುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಮನೆಗೆ ಬಂದವರ ಮಾತನ್ನು ಸಂತೆಗೆ ಒಯ್ಯುವುದು ಅವಳಿಂದಾಗದು.

ಅವರು ಹೋದ ಮೇಲೆ ಕಸ್ತೂರಿ ತಾಟು ತೆಗೆಯುತ್ತ, ಪಾಪ, ಅವರ ಮನೆಯೂ ಸೋರುತ್ತಿದೆ ಎಂದಳು.

ಶನಿವಾರ ಸಂಜೆ ಆರ್ನೆ ಕಾಲಕೇಂದ್ರಕ್ಕೆ ಬಂದು, ಕೀಲಿಯನ್ನು ಯಂತ್ರದೊಳಗೆ ತಿರುಗಿಸಿ, ಅಲ್ಲೇ ಬಿಟ್ಟರು.

ರವಿವಾರ ಹತ್ತಕ್ಕೆ ನೀಲಗಂಗಾ ಗುಂಡಿ ಒತ್ತಲಿಲ್ಲ. ಹನ್ನೊಂದು ವರ್ಷದ ಅಭ್ಯಾಸ. ಬೆರಳು ತಾನೇ ಹೋಗುತ್ತಿತ್ತು, ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡಳು. ಪರದೆಯ ಮೇಲೆ ಲೆಕ್ಕಕ್ಕೆ ಬಾರದಷ್ಟು ಸಣ್ಣ ವ್ಯತ್ಯಾಸ. ಯಾರ್ಡಿನ ಗಾಡಿಗಳಿಗೆ ಅಂದು ಕೇಂದ್ರದ ಸ್ವಂತ ಗಡಿಯಾರದ ವೇಳೆಯೇ ಹೋಗುವಂತೆ ಮಾಡಿದಳು. ತಪ್ಪಿದರೆ ತನ್ನ ತಲೆ ಹೋಗುತ್ತದೆ ಎಂಬುದನ್ನು ಬಲ್ಲಳು. ಆದರೆ ಇನ್ನೊಂದು ಗಾಡಿಯನ್ನು ಬಲಿ ಕೊಟ್ಟು ಸಾಕ್ಷಿ ಹಿಡಿಯುವ ಮನಸ್ಸು ಅವಳಿಗಿರಲಿಲ್ಲ. ಒಂದು, ಎರಡು, ಮೂರು ಗಂಟೆ. ಏನೂ ಇಲ್ಲ. ಆರ್ನೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಏನೂ ಆಗದಿರಲಿ ಎಂದು ಅವರು ಒಳಗೇ ಬೇಡಿಕೊಳ್ಳುತ್ತಿದ್ದಾರೆ ಎಂಬುದು ಅವಳಿಗೆ ಕಾಣುತ್ತಿತ್ತು; ಅದಕ್ಕಾಗಿ ಅವರ ಮೇಲೆ ಸಿಟ್ಟು ಬರಲಿಲ್ಲ.

ಮೂರು ಗಂಟೆ ನಲವತ್ತೊಂದು ನಿಮಿಷಕ್ಕೆ ಪರದೆಯ ಅಂಕಿ ನೆಗೆಯಿತು. ತಾಯಿಗಡಿಯಾರ ಸೆಕೆಂಡಿನ ನೂರರಲ್ಲಿ ಐವತ್ತೆರಡು ಪಾಲು ಹಿಂದೆ.

ಇಬ್ಬರೂ ನೋಡುತ್ತ ಕೂತರು. ಮೊದಲು ಎದ್ದವರು ಆರ್ನೆ. ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತರು. ನೀಲಗಂಗಾ ಬರೆದು, ಚಹಾ ತರಿಸಿ, ಅವರ ಪಕ್ಕದಲ್ಲಿ ಲೋಟ ಇಟ್ಟು ಬಂದಳು. ಸೋಮವಾರ ಬೆಳಿಗ್ಗೆ ಅಂಕಿ ಮತ್ತೆ ಮೊದಲಿನಂತಾಗಿತ್ತು. ಆರ್ನೆ ಅದನ್ನೆಲ್ಲ ವಿವರವಾಗಿ ಬರೆದು ತಮ್ಮ ರಾಜಧಾನಿಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲಿನ ಉತ್ತರ ಬಂತು: ನಿಮ್ಮ ಕೀಲಿ ಒಪ್ಪಿಸಿ ಹೊರಡಲು ಸಿದ್ಧರಾಗಿ.

ಮಂಗಳವಾರದ ವಿಚಾರಣೆ ಕಾಲಕೇಂದ್ರದಲ್ಲೇ ನಡೆಯಿತು. ದಫ್ತರವನ್ನು ಆ ಕಟ್ಟಡದಿಂದ ಹೊರಗೆ ಒಯ್ಯುವಂತಿರಲಿಲ್ಲ. ವಿಚಾರಣೆಗೆ ಬಂದ ಗುರುನಾಥ ಮಳಗಿ ಕೆಟ್ಟವರಲ್ಲ. ಕಾಗದ ಹೇಳಿದ್ದನ್ನು ಬಿಟ್ಟು ಬೇರೆ ಕೇಳಿಸಿಕೊಳ್ಳದವರು. ನೀಲಗಂಗಾ ಎದ್ದು ನಿಂತು ನಡೆದದ್ದನ್ನು ಹೇಳಿದಳು. ಮೊದಲು ಒತ್ತಿ ಆಮೇಲೆ ಬರೆಯುತ್ತಿದ್ದುದನ್ನೂ ಹೇಳಿದಳು. ಮಳಗಿಯವರು ದಫ್ತರದ ಹಾಳೆಗಳನ್ನು ತಿರುವುತ್ತ ಹೋದರು. ಸೊನ್ನೆ, ಸೊನ್ನೆ, ಸೊನ್ನೆ.

“ಬಾಳಿಕಾಯಿಯವರ,” ಎಂದರು, “ಹನ್ನೊಂದ ವರ್ಷದ್ದ ಸುಳ್ಳು ಅಂತ ನೀವ ಹೇಳತೀರಿ. ಮೊನ್ನಿಂದು ಒಂದ ಖರೆ ಅಂತೀರಿ. ಅದೂ ನಿಮ್ಮ ತಂಗಿ ಸಲುವಾಗಿ. ನನ್ನ ಜಾಗಾದಾಗ ನೀವ ಇದ್ರ ಏನ್ ಮಾಡ್ತಿದ್ರಿ?”

ಅವರ ಜಾಗದಲ್ಲಿ ತಾನಾದರೂ ನಂಬುತ್ತಿರಲಿಲ್ಲ. ಗುರುವಾರದ ಊಟದ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಆಗ ಆರ್ನೆ ಎದ್ದು, ಸಭಾಂಗಣದ ಹನ್ನೆರಡು ಗಡಿಯಾರ ನಾಲ್ಕಾದದ್ದನ್ನು ತಾವಾಗಿ ಹೇಳಿದರು. ಮಳಗಿಯವರು ಮರ್ಯಾದೆಯಿಂದ ಕೇಳಿದರು. ಸಾಹೇಬರು ನಿನ್ನೆಯಿಂದ ಅಧಿಕಾರದಲ್ಲಿಲ್ಲ ಎಂದು ತಮ್ಮ ಬಳಿ ಕಾಗದ ಬಂದಿದೆ, ಅವರ ಮಾತನ್ನು ಒಕ್ಕೂಟದ ಮಾತೆಂದು ಬರೆದುಕೊಳ್ಳಲಾಗದು ಎಂದರು. ಒಕ್ಕೂಟ ತಾನಾಗಿ ಹೇಳಿದರೆ ಬೇರೆ ಮಾತು. ಬೆಂಚಿನ ಮೇಲೆ ಕೂತಿದ್ದ ಕಸ್ತೂರಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಮಳಗಿಯವರು ತೀರ್ಮಾನ ಬರೆಯಲು ಕಾಗದ ಎಳೆದುಕೊಂಡಿದ್ದರು. ನಾಲ್ಕಕ್ಕೆ ಎರಡು ನಿಮಿಷವಿತ್ತು. ಒಕ್ಕೂಟದ ಸಭಾಂಗಣಕ್ಕೂ ಧಾರವಾಡಕ್ಕೂ ನಡುವಿನ ನೇರ ಫೋನು ಬಡಿದುಕೊಂಡಿತು. ಆ ಫೋನಿನ ಮಾತೆಲ್ಲ ತಾನೇ ದಾಖಲಾಗುತ್ತದೆ. ಅದು ಒಪ್ಪಂದದ ಭಾಗ. ಇಷ್ಟು ವರ್ಷ ಅದರಲ್ಲಿ ಬರುತ್ತಿದ್ದುದು ಆಜ್ಞೆಗಳು ಮಾತ್ರ. ನೀಲಗಂಗಾ ಎತ್ತಿದಳು. ವಯಸ್ಸಾದ ಹೆಂಗಸಿನ ದನಿ, ದಣಿದ ದನಿ, ಅವಳಿಗೆ ತಿಳಿಯದ ಭಾಷೆ. ಫೋನನ್ನು ಆರ್ನೆಗೆ ಕೊಟ್ಟಳು.

ಆರ್ನೆ ಕೇಳಿಸಿಕೊಂಡರು. ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಸಭಾಂಗಣದ ಮುಖ್ಯಸ್ಥರು,” ಎಂದರು. “ನನ್ನ ಕಾಗದ ಓದಿದ್ರಂತ. ರವಿವಾರ ಜಾರಿದ್ದು ಖರೆ ಅಂತಾರ. ಅವರ ನಾಲ್ಕು ಗಡಿಯಾರ ನಾಲ್ಕು ಥರಾ ವೇಳೆ ಹೇಳಲಿಕ್ಕೆ ಹತ್ಯಾವಂತ. ಯಾವುದು ಖರೆ ಅವರಿಗೇ ತಿಳೀತಿಲ್ಲ.” ಫೋನಿನ ಬಾಯಿಗೆ ಅಂಗೈ ಮುಚ್ಚಿದರು. “ಕೇಳಲಿಕ್ಕೆ ಹತ್ಯಾರ. ನಿಮ್ಮಲ್ಲಿ ಈಗ ವೇಳೆ ಎಷ್ಟು ಅಂತ.”

ಮಳಗಿಯವರ ಪೆನ್ನು ಕಾಗದದ ಮೇಲೇ ನಿಂತಿತ್ತು. ಅರವತ್ತು ವರ್ಷ ಜಗತ್ತಿಗೆ ವೇಳೆ ಹೇಳಿದವರು ಧಾರವಾಡವನ್ನು ವೇಳೆ ಕೇಳುತ್ತಿದ್ದರು. ಗೆದ್ದೆವು ಎಂದು ಹಿಗ್ಗಬೇಕಾದ ಗಳಿಗೆ. ನೀಲಗಂಗಾಳಿಗೆ ಮಾತ್ರ ಆ ದೂರದ ಹೆಂಗಸಿನ ಮೇಲೆ ಕನಿಕರ ಬಂತು. ಖಾಲಿ ಸಭಾಂಗಣದಲ್ಲಿ ನಿಂತು, ನಾಚಿಕೆ ಬಿಟ್ಟು, ಈ ಒಂದು ಪ್ರಶ್ನೆ ಕೇಳಲು ಅವಳಿಗೆ ಎಷ್ಟು ಹೊತ್ತು ಹಿಡಿದಿರಬೇಕು. ಸೊನ್ನೆ ಬರೆದಿದ್ದೆ ಎಂದು ಈ ಕೋಣೆಯಲ್ಲಿ ಹೇಳಲು ತನಗೂ ಹೊತ್ತು ಹಿಡಿದಿತ್ತು.

ಅವಳು ಅಂಕಿಗಳನ್ನು ಒಂದೊಂದಾಗಿ, ನಿಧಾನವಾಗಿ ಓದಿದಳು. ಆರ್ನೆ ಅವನ್ನು ತಮ್ಮ ಭಾಷೆಯಲ್ಲಿ ದಾಟಿಸಿದರು.

“ನಮ್ಮದೂ ತಪ್ಪಿರಬಹುದು, ಅದೊಂದ ನಂಬಬ್ಯಾಡ್ರಿ ಅನ್ರಿ,” ಎಂದಳು. “ಉಳಿದ ದೇಶದವರನ್ನೂ ಕೇಳ್ರಿ ಅನ್ರಿ. ಅವರೆಲ್ಲಾ ನಮ್ಮಂಗ ಸೊನ್ನಿ ಬರದಿರತಾರ. ನಲವತ್ತ ಪ್ರಶ್ನಿ ಕಳಸೂದಿಲ್ಲ ಅಂತ ಮೊದಲ ಹೇಳಿ, ಆಮ್ಯಾಲ ಕೇಳ್ರಿ ಅನ್ರಿ.”

ಅತ್ತ ಕಡೆಯಿಂದ ಒಂದು ಚಿಕ್ಕ ಮಾತು ಬಂತು. ಅದನ್ನು ಆರ್ನೆ ಕನ್ನಡಕ್ಕೆ ತರಲಿಲ್ಲ; ತರಬೇಕಾಗಿಯೂ ಇರಲಿಲ್ಲ. ಇನ್ನೆರಡು ಮಾತು ಕೇಳಿಸಿಕೊಂಡು ಫೋನು ಇಟ್ಟ ಮೇಲೆ, ಹೊರಡುವುದು ಬೇಡ, ಅಲ್ಲೇ ಇದ್ದು ದಿನಾ ಧಾರವಾಡದ ಅಂಕಿ ಕೇಳಿ ಕಳಿಸು ಎಂದು ತಮಗೆ ಹೇಳಿದ್ದಾರೆ ಎಂದರು. ಕುರ್ಚಿ ಎಳೆದುಕೊಂಡು, ನೀಲಗಂಗಾಳ ಮೇಜಿನ ಆಚೆ ಬದಿಗೆ, ಕೆಲಸ ಕಲಿಯಲು ಬಂದವರು ಕೂರುವ ಜಾಗದಲ್ಲಿ ಕೂತರು.

ಮಳಗಿಯವರು ಫೋನಿನ ದಾಖಲೆಯ ಸಂಖ್ಯೆ ಕೇಳಿ ಬರೆದುಕೊಂಡರು. ಬರೆದಿದ್ದ ಎರಡು ಸಾಲು ಹೊಡೆದುಹಾಕಿದರು. ಹೊಸದಾಗಿ ನಾಲ್ಕು ಸಾಲು ಬರೆದು, ಸಹಿ ಮಾಡಿ, ಕನ್ನಡಕ ತೆಗೆದು ಕಸ್ತೂರಿಯ ಕಡೆ ನೋಡಿದರು. ದಫ್ತರದ ವಿಷಯಕ್ಕೆ ಅಕ್ಕನಿಗೆ ಬೇರೆ ನೋಟಿಸು ಬರುತ್ತದೆ, ಅದು ಬೇರೆ ಎಂದರು. ನೀಲಗಂಗಾ ತಲೆಯಾಡಿಸಿದಳು. ಬರಬೇಕಾದದ್ದೇ.

“ನೀ ನಾಳೆ ಎಂಟಕ್ಕ ಕೆಲಸಕ್ಕ ಬಾರವಾ,” ಎಂದರು ಮಳಗಿಯವರು.

ಕಸ್ತೂರಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತು, ನಗೆಯಾಡುತ್ತಿದ್ದಾಳೋ ನಿಜವಾಗಿ ಕೇಳುತ್ತಿದ್ದಾಳೋ ತಿಳಿಯದ ಮುಖದಲ್ಲಿ ಕೇಳಿದಳು:

“ಯಾರ ಎಂಟಕ್ಕರೀ?”

ಮಳಗಿಯವರು ನೀಲಗಂಗಾಳನ್ನು ನೋಡಿದರು. ನೀಲಗಂಗಾ ಆರ್ನೆಯನ್ನು ನೋಡಿದಳು. ಆರ್ನೆ ಒಂದು ಖಾಲಿ ಹಾಳೆ ಎಳೆದುಕೊಂಡು, ಧಾರವಾಡ ಎಂದು ಮೇಲೆ ಬರೆದು, ಅದರ ಕೆಳಗೆ ತಮ್ಮ ಊರಿನ ಹೆಸರು ಬರೆದು, ಇನ್ನುಳಿದವರಿಗೆ ಜಾಗ ಬಿಡುತ್ತಿದ್ದರು.

“ಎಲ್ಲಾರ್ನೂ ಕೇಳಿ ಹೇಳತೀವಿ,” ಎಂದಳು ನೀಲಗಂಗಾ. “ನೀ ಒಂದ ಸ್ವಲ್ಪ ಮೊದಲ ಹೋಗಿ ಕೂಡು.”